ಬಾಲ್ಕನಿ ಬಿಟ್ಟು ಅಳತೆ

ಡೊಂಬಿವಲಿ ಪೂರ್ವ
9 ಫೆಬ್ರವರಿ 2025

ಪ್ರೀತಿಯ ಸುಜನ್‌ಗೆ ಅಪ್ಪನ ಆಶೀರ್ವಾದ.

ದೀಪಾವಳಿಗೇ ಬರೆಯಬೇಕಿತ್ತು, ತಡವಾಯಿತು. ನೀನು ಫೋನ್ ಎತ್ತುವುದಿಲ್ಲವಾದ್ದರಿಂದ ಇದನ್ನು ನಿನ್ನ ತಂಗಿ ನಿಕಿತಾಳ ಕೈಯಲ್ಲಿ ಕೋಪರಿಗೆ, ನಿನ್ನ ರೂಮಿಗೆ ಕಳುಹಿಸುತ್ತಿದ್ದೇನೆ. ಅವಳು ತಿಂಡಿ ತಿನ್ನದೆ ಹೊರಡುತ್ತಾಳೆ. ನೌಪಾಡಾದ ನಿಮ್ಮ ಹೋಟೆಲಿನಲ್ಲಿ ಏನಾದರೂ ತಿನ್ನಿಸು.

ಮನೆಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಲು ಹೊರಟಿದ್ದೇನೆ. ಈಗಿನ ಬಡ್ಡಿಯಲ್ಲಿ ನಾನು ನಿವೃತ್ತನಾದ ಮೇಲೂ ಒಂಬತ್ತು ವರ್ಷ ಕಂತು ಉಳಿಯುತ್ತದೆ. ಹೊಸ ಬ್ಯಾಂಕಿನವರು, ಮೊದಲು ಮನೆಯ ಬೆಲೆ ಕಟ್ಟಬೇಕು ಎಂದರು. ಅದನ್ನು ಹೇಗೆ ಕಟ್ಟುತ್ತಾರೆಂದು ನೋಡುವ ಕುತೂಹಲ ನನಗೂ ಇತ್ತು.

ಜನ ಬರುತ್ತಾರೆಂದು ಕೇಳಿದ್ದೇ ತಡ, ನಿನ್ನ ಅಮ್ಮ ಹೆಣ್ಣು ನೋಡಲು ಬರುವವರಿಗೆ ಮಾಡುವಷ್ಟು ತಯಾರಿ ಮಾಡಿದಳು. ಗೋಳಿಬಜೆ, ಕಾಫಿ, ಸಾಲದ್ದಕ್ಕೆ ಎದುರುಮನೆ ರಮಾಮಣಿಯವರ ಹೊಸ ಸೋಫಾ! ಬೆಲೆ ಕಟ್ಟಲು ಬ್ಯಾಂಕಿನ ಪರವಾಗಿ ಬಂದವಳು ತನ್ವಿ ಎಂಬ ಮರಾಠಿ ಹುಡುಗಿ. ಅಂಗೈಯಗಲದ ಒಂದು ಯಂತ್ರವನ್ನು ಗೋಡೆಗೆ ಹಿಡಿದಳು. ಎದುರು ಗೋಡೆಯಲ್ಲಿ ಕೆಂಪು ಚುಕ್ಕೆ ಬೀಳುತ್ತದೆ, ಅಳತೆ ಯಂತ್ರದ ಮೇಲೆ ಮೂಡುತ್ತದೆ. ನಾನೂ ಕೇಳಿ ಒಮ್ಮೆ ಹಿಡಿದು ನೋಡಿದೆ. ಬಚ್ಚಲ ಚಾವಣಿಯ ತೇವದ ಫೋಟೊ ಕೂಡ ತೆಗೆದಳು.

"ಕೂತ್ಕೊಳ್ಳಮ್ಮ, ಸೋಫಾ ಹೊಸದು," ಎಂದು ನಿನ್ನ ಅಮ್ಮ ಹಿಂದಿಯಲ್ಲಿ ಉಪಚರಿಸಿದಳು.

"ಕಾಕೂ, ಬ್ಯಾಂಕಿಗೆ ಗೋಡೆ ಸಾಕು. ಸೋಫಾ ನೀವೇ ಇಟ್ಕೊಳ್ಳಿ."

ಬಾಗಿಲಲ್ಲಿ ನಿಂತಿದ್ದ ರಮಾಮಣಿ, "ಇಟ್ಕೊಳ್ಳೋದಾ? ಸಂಜೆಯೊಳಗೆ ವಾಪಸ್ ಬೇಕು ಮಾರಾಯ್ತಿ!" ಎಂದರು.

ನೀನು ಮಲಗುತ್ತಿದ್ದ ಬಾಲ್ಕನಿಯ ಮುಂದೆ ತನ್ವಿ ಯಂತ್ರ ಆರಿಸಿದಳು. ನಾವು ಕಿಟಕಿ ಕೂರಿಸಿ ಕೋಣೆ ಮಾಡಿಕೊಂಡಿದ್ದೇವೆ, ಆದರೆ ಮಂಜೂರಾದ ನಕ್ಷೆಯಲ್ಲಿ ಅದು ಕೋಣೆಯಲ್ಲ. ಅದನ್ನು ಬಿಟ್ಟು ಮನೆಗೆ ನಲವತ್ತು ಲಕ್ಷ ಬೆಲೆ ಬಂತು. ಬ್ಯಾಂಕ್ ಕೊಡುವುದು ಅದರ ಶೇಕಡಾ ಎಂಬತ್ತು ಮಾತ್ರ. ನಮ್ಮ ಬಾಕಿ ಅದಕ್ಕಿಂತ ಎರಡು ಲಕ್ಷ ಹೆಚ್ಚು. ಇಷ್ಟು ವರ್ಷ ಕಟ್ಟಿದ್ದು ಬಹುಪಾಲು ಬಡ್ಡಿಗೇ ಹೋಗಿದೆ. ನಮ್ಮದು ಎನ್ನುವ ಮನೆಯಲ್ಲಿ ನಮ್ಮ ಪಾಲು ಎಷ್ಟು ಸಣ್ಣದೆಂದು ನನಗೆ ಈಗ ಗೊತ್ತಾಯಿತು.

ಆ ಎರಡು ಲಕ್ಷವನ್ನು ಪಿಎಫ್‌ನಿಂದ ತೆಗೆದು ತುಂಬುತ್ತೇನೆ. ಆದರೆ ಸಾಲದಲ್ಲಿ ನಿನ್ನ ಹೆಸರೂ ಇದೆ; ನಿನ್ನ ಸಹಿಯಿಲ್ಲದೆ ವರ್ಗಾವಣೆ ಆಗದು. ಹದಿನೈದಕ್ಕೆ ಮೂರನೆಯ ಶನಿವಾರ, ಬ್ಯಾಂಕ್ ತೆರೆದಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ಸ್ಟೇಷನ್ನಿನ ಪೂರ್ವದ ಟಿಕೆಟ್ ಕಿಟಕಿಯ ಬಳಿ ಕಾಯುತ್ತೇನೆ. ಮನೆಗೆ ಬರಲೇಬೇಕೆಂದೇನೂ ಇಲ್ಲ.

ಒಲೆಯ ಮುಂದೆ ನಿಲ್ಲುವವನು ನೀರು ಕುಡಿಯಲು ಮರೆಯಬೇಡ. ಕೈಯ ರುಚಿ ಹೆಚ್ಚಲಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ
ಸರ್ವೋತ್ತಮ

ಮತ್ತೊಂದು ಮಾತು: ಮನೆಯಲ್ಲಿ ಎಷ್ಟು ಜನ ಇದ್ದೀರಿ ಎಂದು ತನ್ವಿ ಕೇಳಿದಳು. ನೀನು ಆಫೀಸು ಬಿಟ್ಟು ಹೋಟೆಲಿನ ಅಡುಗೆಮನೆ ಸೇರಿದ ದಿನ, "ಇನ್ನು ಈ ಮನೆಯಲ್ಲಿ ಮೂರೇ ಜನ" ಎಂದವಳು ನಿನ್ನ ಅಮ್ಮ. ನಾನು ಬಾಯಿ ತೆರೆಯುವ ಮೊದಲೇ ಅವಳು, "ನಾಲ್ಕು. ಆ ಬಾಲ್ಕನೀಲಿ ನನ್ನ ಮಗ ಮಲಗ್ತಾನೆ" ಎಂದಳು. ತನ್ವಿ ನಾಲ್ಕು ಎಂದೇ ಬರೆದುಕೊಂಡಳು. ನಾನು ತಿದ್ದಲಿಲ್ಲ.