ಜಿರಾಫೆ ನೋಡಲು ನಿನ್ನ ಅಪ್ಪಣೆ ಬೇಕೇ

ಮನೆಯಿಂದ,
ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಮಗಳೇ,

‘ಪ್ರೀತಿಯ’ ಅಂತ ಬರೆದದ್ದೇನೋ ಬರೆದೆ. ಹೊಡೆದುಹಾಕೋಣ ಅನ್ನಿಸಿತು. ಹೊಡೆದುಹಾಕಿದರೆ ನಿನ್ನ ಕಣ್ಣಿಗೆ ಮೊದಲು ಬೀಳುವುದೇ ಅದು, ಆಮೇಲೆ ಉಳಿದದ್ದನ್ನು ಓದುವುದಿಲ್ಲ ಎಂದು ಬಿಟ್ಟಿದ್ದೇನೆ. ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ಹಗಲೆಲ್ಲ ಶಾಲೆಯಲ್ಲಿ ಕತ್ತೆತ್ತಿ ಬೋರ್ಡಿನ ಮೇಲೆ ಬರೆಯುವುದು, ಮನೆಗೆ ಬಂದು ಕತ್ತು ಬಗ್ಗಿಸಿ ಉತ್ತರ ಪತ್ರಿಕೆ ತಿದ್ದುವುದು, ನೋಯದೆ ಇನ್ನೇನಾಗುತ್ತದೆ? ಬಿಸಿನೀರಿನ ಚೀಲ ಇಟ್ಟುಕೋ, ಸೋಮಾರಿತನ ಮಾಡಬೇಡ. ಅಳಿಯಂದಿರ ಕೆಮ್ಮು ನಿಂತಿತೇ? ನಿನ್ನ ಅತ್ತೆ ಮಾವ ಚೆನ್ನಾಗಿದ್ದಾರೆಯೇ? ಈಚೆಗೆ ನೀನು ಮಾತು ಮಾತಿಗೂ ಅವರನ್ನು ಎಳೆದು ತರುತ್ತಿರುವುದರಿಂದ ವಿಶೇಷವಾಗಿ ಕೇಳುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಮಂಡಿ ಹೇಳಿದ ಮಾತು ಕೇಳುತ್ತಿದೆ. ಬಿಪಿ ಮಾತ್ರ ಏರಿದೆ, ಅದನ್ನು ಏರಿಸಿದವಳು ನೀನು.

ನನಗೆ ನಿನ್ನ ಮೇಲೆ ಕೆಂಡದಂಥ ಕೋಪ ಬಂದಿದೆ. ಫೋನಿನಲ್ಲೇ ಬೈಯಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಅಮ್ಮಾ, ಒಂದ್ನಿಮಿಷ ನಾನು ಹೇಳೋದು ಕೇಳು’ ಎಂದು ನಡುವೆ ಬಾಯಿ ಹಾಕುತ್ತೀಯ, ಆಮೇಲೆ ಅಳುತ್ತೀಯ, ನೀನು ಅತ್ತರೆ ನಾನು ಬೈಯುವುದನ್ನು ಮರೆತು ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಪತ್ರದಲ್ಲಿ ಆ ತಾಪತ್ರಯ ಇಲ್ಲ. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ‘ಹೋಲ್ಡಾನ್’ ಅಂದರೆ ಮುಂದಿನ ಚಕ್ರ ನಿಲ್ಲುವಂಥ ಗಂಟಲು ನನ್ನದು. ನಿನ್ನೊಬ್ಬಳ ಮುಂದೆ ಮಾತ್ರ ಅದು ಇಳಿಯುತ್ತಿತ್ತು. ಈ ಸಲ ಇಳಿಯುವುದಿಲ್ಲ, ಪೂರ್ತಿ ಓದು.

ಮೊದಲು ನಮ್ಮ ಪ್ಲಾನು ಏನಿತ್ತು ಕೇಳಿಸಿಕೋ. ಆವತ್ತು ನೀನು ಅದನ್ನು ಕೇಳಲೇ ಇಲ್ಲ. ‘ಡ್ರೈವರ್ ಜೊತೆ’, ‘ಒಂದು ವಾರ’ ಎಂಬ ಎರಡು ಮಾತು ಕಿವಿಗೆ ಬಿದ್ದದ್ದೇ ತಡ, ಕ್ಲಾಸಿಗೆ ಹೊತ್ತಾಯಿತು ಅಂತ ಫೋನು ಕುಕ್ಕಿಬಿಟ್ಟೆ. ಇಪ್ಪತ್ತೆರಡು ವರ್ಷ ಅವರು ಸ್ಟೇರಿಂಗ್ ಹಿಡಿದು, ನಾನು ಟಿಕೆಟ್ ಹರಿದು ಆ ದೊಡ್ಡ ಊರಿಗೆ ಹೋಗಿ ಬಂದೆವು. ರಾತ್ರಿ ಇಲ್ಲಿಂದ ಹೊರಡುವುದು, ಬೆಳಿಗ್ಗೆ ಅಲ್ಲಿ ಜನರನ್ನು ಇಳಿಸುವುದು, ಹಗಲೆಲ್ಲ ಬಸ್ ಸ್ಟ್ಯಾಂಡಿನಲ್ಲೇ ಬಿದ್ದು ನಿದ್ದೆ ಮಾಡುವುದು, ಸಂಜೆ ಬಸ್ಸು ತಿರುಗಿಸುವುದು. ಊರಿಗೆ ಊರೇ ನಮ್ಮ ಸುತ್ತ ಇತ್ತು, ನಾವು ಕಂಡದ್ದು ನಲ್ಲಿ ಸೋರುವ ಒಂದು ರೆಸ್ಟ್ ರೂಮು ಮತ್ತು ಟೀ ಅಂಗಡಿ. ‘ಮ್ಯೂಸಿಯಂಗೆ ಎಡಗಡೆ ಗೇಟು, ಝೂಗೆ ಬಲಗಡೆ ಗೇಟು, ನೋಡ್ಕೊಂಡು ಇಳೀರಿ’ ಎಂದು ಎಷ್ಟು ಸಾವಿರ ಜನರಿಗೆ ಕೂಗಿ ಹೇಳಿದ್ದೇನೋ ಲೆಕ್ಕವಿಲ್ಲ. ಆ ಗೇಟು ದಾಟಿದ ಮೇಲೆ ಏನಿದೆ ಅಂತ ನನಗೇ ಗೊತ್ತಿಲ್ಲ. ಇಬ್ಬರೂ ರಿಟೈರಾದೆವು, ಕಾಲು ಇನ್ನೂ ನಡೆಯುತ್ತದೆ, ಒಂದು ವಾರ ಹೋಗಿ ಕಣ್ಣು ತುಂಬ ನೋಡಿ ಬರೋಣ ಅಂದುಕೊಂಡೆವು. ಇಷ್ಟೇ. ಇದರಲ್ಲಿ ನಿನ್ನ ಮಾನ ಎಲ್ಲಿ ಹರಾಜಾಯಿತು ಎಂದು ಹುಡುಕುತ್ತಾ ಇದ್ದೇನೆ, ಸಿಗುತ್ತಿಲ್ಲ.

ಎಷ್ಟು ಚೆಂದವಾಗಿ ಪ್ಲಾನು ಮಾಡುತ್ತಿದ್ದೆವು ಗೊತ್ತೇನೇ? ಸಂಜೆ ಅವರು ಬರುತ್ತಿದ್ದರು, ಅಡುಗೆಮನೆಯ ಮೇಜಿನ ಮೇಲೆ ಊರಿನ ನಕ್ಷೆ ಹರಡಿ ಮೂಲೆಗೊಂದು ಲೋಟ ಇಟ್ಟು ಜಗಳ ಶುರು. ಬಸ್ಸಿನಲ್ಲಿ ಹೋಗುವುದು ಬೇಡ ಎಂಬುದು ಮೊದಲ ದಿನವೇ ಇತ್ಯರ್ಥವಾಯಿತು. ಬೇರೆಯವರು ಓಡಿಸುವ ಬಸ್ಸಿನಲ್ಲಿ ಕೂತರೆ ತಿರುವು ಬಂದಾಗಲೆಲ್ಲ ಅವರ ಬಲಗಾಲು ನೆಲವನ್ನು ಒತ್ತುತ್ತದೆ, ಇಳಿಯುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡಿರುತ್ತದೆ. ನನ್ನ ಹಣೆಬರಹವೂ ಅದೇ, ಹತ್ತಿದ ತಕ್ಷಣ ತಲೆ ಎಣಿಸುತ್ತೇನೆ, ಟಿಕೆಟ್ ತೆಗೆದುಕೊಳ್ಳದೆ ಕಿಟಕಿಯ ಕಡೆ ಮುಖ ಮಾಡಿ ಕೂತವನು ಕಂಡರೆ ಕೈ ಸುಮ್ಮನಿರುವುದಿಲ್ಲ. ಅದಕ್ಕೇ ರೈಲು. ರೈಲಿನಲ್ಲಾದರೆ ಬ್ರೇಕು ಯಾರ ಕಾಲ ಕೆಳಗಿದೆ ಎಂದು ಕಾಣುವುದೇ ಇಲ್ಲ. ಅವರು ಊಟಕ್ಕೆ ಇಪ್ಪತ್ತು ನಿಮಿಷ, ಟೀಗೆ ಹತ್ತು ನಿಮಿಷ ಎಂದು ದಿನವನ್ನು ಕತ್ತರಿಸಿ ಇಡುತ್ತಿದ್ದರು. ‘ಊಟಕ್ಕೆ ಇಪ್ಪತ್ತು ನಿಮಿಷ’ ಎಂದು ಕೂಗಿ ಕೂಗಿಯೇ ನನ್ನ ಗಂಟಲು ಹೋದದ್ದು, ಈ ಸಲ ತಟ್ಟೆಯ ಮುಂದೆ ಅರ್ಧ ದಿನ ಕೂರುತ್ತೇನೆ, ಬೇಕಾದರೆ ಹಾರನ್ ಹೊಡೆದುಕೊಂಡು ನಿಂತಿರಿ ಅಂದೆ. ಝೂನಲ್ಲಿ ಅವರಿಗೆ ಜಿರಾಫೆ ನೋಡಬೇಕಂತೆ. ಮೀಸೆ ಪೂರ್ತಿ ಬೆಳ್ಳಗಾಗಿದೆ, ಜಿರಾಫೆ ಅಂದರೆ ಮುಖ ಊರಗಲ ಆಗುತ್ತದೆ. ಇನ್ನೊಂದು, ಆ ದೊಡ್ಡ ಸೇತುವೆಯನ್ನು ನಡೆದುಕೊಂಡು ದಾಟಬೇಕಂತೆ. ‘ಸಾವಿರ ಸಲ ದಾಟಿದೀನಿ ಕಂಡಕ್ಟರಮ್ಮ, ಕೆಳಗೆ ನದಿ ಹೇಗಿದೆ ಅಂತ ಗೊತ್ತಿಲ್ಲ. ಮುಂದಿನ ಲಾರಿಯ ಹಿಂಭಾಗ ಮಾತ್ರ ಗೊತ್ತು’ ಅಂದರು. ನನಗೆ ನಗು ಬಂತು, ಆಮೇಲೆ ಅಯ್ಯೋ ಅನ್ನಿಸಿತು.

ಈಗ ನಿನ್ನ ಘನಕಾರ್ಯಕ್ಕೆ ಬರುತ್ತೇನೆ. ಮಂಗಳವಾರ ನೀನು ಅವರಿಗೆ ಫೋನು ಮಾಡಿದೆ. ನನಗೆ ಹೇಳಲಿಲ್ಲ. ಅವರೂ ಹೇಳಲಿಲ್ಲ. ಅವತ್ತು ಸಂಜೆ ಬಂದು ಬಾಗಿಲಲ್ಲೇ ನಿಂತು, ಸೊಂಟ ಹಿಡಿದುಕೊಂಡಿದೆ, ಪ್ರವಾಸ ಆಗುವುದಿಲ್ಲ ಅಂದರು. ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. ಸೊಂಟ ಅನ್ನುತ್ತಾ ಭುಜ ಉಜ್ಜಿಕೊಳ್ಳುತ್ತಿದ್ದರು. ನಾನು ಪೆದ್ದಿ, ನಂಬಿದೆ. ಎಣ್ಣೆ ಬಿಸಿ ಮಾಡಿ ಕೊಟ್ಟು ಕಳಿಸಿದೆ. ಮರುದಿನ ಹಿಟ್ಟಿನ ಗಿರಣಿಯಲ್ಲಿ ಕ್ಷೌರದಂಗಡಿಯವನ ಹೆಂಡತಿ ಸಿಕ್ಕಳು. ನನ್ನ ಡಬ್ಬ ಇಳಿಸಿಕೊಳ್ಳುತ್ತಾ ‘ನಿಮ್ಮ ಮಗಳು ಹಾಗೆ ಅನ್ನಬಾರದಿತ್ತು ಬಿಡಿ’ ಅಂದಳು. ನನ್ನ ಮಗಳು ಏನಂದಳು ಎಂದು ನಾನು ಅವಳನ್ನು ಕೇಳಬೇಕಾಯಿತು! ನೀನು ಫೋನು ಮಾಡಿದಾಗ ಅವರು ಕ್ಷೌರದ ಕುರ್ಚಿಯಲ್ಲಿದ್ದರು. ಕೆನ್ನೆಗೆಲ್ಲ ನೊರೆ. ಕಿವಿಗೆ ಹಿಡಿಯಲು ಆಗದೆ ಸ್ಪೀಕರ್ ಹಾಕಿ ಫೋನನ್ನು ಕೈಯಲ್ಲಿ ದೂರ ಹಿಡಿದುಕೊಂಡಿದ್ದರು. ನೀನು ಅಂದದ್ದೆಲ್ಲ ಬೆಂಚಿನ ಮೇಲೆ ಕೂತ ಗಿರಾಕಿಗಳು, ಪಕ್ಕದ ಇಸ್ತ್ರಿ ಅಂಗಡಿಯವನು, ಎಲ್ಲರೂ ಕೇಳಿಸಿಕೊಂಡರು. ‘ನೋಡ್ರೀ, ಈ ವಯಸ್ಸಲ್ಲಿ ನಿಮಗಿದು ಶೋಭೆಯಲ್ಲ. ನಮ್ಮತ್ತೆ ಮಾವನಿಗೆ ನಾನು ಹೇಗೆ ಮುಖ ತೋರಿಸಲಿ? ಅಮ್ಮನ ಪಾಡಿಗೆ ಅಮ್ಮನನ್ನ ಬಿಟ್ಟುಬಿಡಿ.’ ಇದು ನಿನ್ನದೇ ಮಾತು ಹೌದೋ ಅಲ್ಲವೋ? ಜನ ಏನಂತಾರೆ ಎಂಬ ಭಯ ಅಲ್ಲವೇ ನಿನಗೆ? ನಮ್ಮನ್ನು ನೋಡಿ ನೋಡಿ ಈ ಬೀದಿಯ ಜನಕ್ಕೆ ಏನೂ ಅನ್ನಿಸುತ್ತಿರಲಿಲ್ಲ. ಏನನ್ನಬೇಕು ಅಂತ ಅವರಿಗೆ ಹೇಳಿಕೊಟ್ಟವಳು ನೀನು.

ಶೋಭೆಯಂತೆ ಶೋಭೆ. ನಿನ್ನ ಅಪ್ಪ ತೀರಿಹೋಗಿ ಈ ಕಂಡಕ್ಟರ್ ಕೆಲಸ ನನಗೆ ಸಿಕ್ಕಾಗ ನಿನಗೆ ಇನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಪಕ್ಕದ ಮನೆ ಅಜ್ಜಿಯ ಹತ್ತಿರ ನಿನ್ನನ್ನು ಮಲಗಿಸಿ ನೈಟ್ ಡ್ಯೂಟಿಗೆ ಹೊರಡುತ್ತಿದ್ದೆ. ದಾರಿಯಲ್ಲಿ ಬಸ್ಸು ಕೆಟ್ಟರೆ, ಪ್ಯಾಸೆಂಜರನ್ನೆಲ್ಲ ಬೇರೆ ಬಸ್ಸಿಗೆ ಹತ್ತಿಸಿ, ನಾನು ಹಿಂದಿನ ಉದ್ದ ಸೀಟಿನಲ್ಲಿ ಮಲಗುತ್ತಿದ್ದೆ, ಅವರು ಕೆಳಗೆ ಚಕ್ರಕ್ಕೆ ಒರಗಿ ಬೆಳಗಾಗುವವರೆಗೆ ಎದ್ದಿರುತ್ತಿದ್ದರು. ಕತ್ತಲಲ್ಲಿ, ಕಾಡಿನಂಥ ರಸ್ತೆಯಲ್ಲಿ, ಒಂದು ಬಸ್ಸು, ಇಬ್ಬರೇ ಜನ. ಆ ಸಂಬಳದಲ್ಲಿ ನೀನು ಓದಿದೆ. ಆಗ ಯಾವ ಶೋಭೆಯೂ ಕೆಡಲಿಲ್ಲ. ಈಗ ಹಾಡಹಗಲಲ್ಲಿ, ಟಿಕೆಟ್ ತೆಗೆದುಕೊಂಡು, ನೂರಾರು ಜನರ ನಡುವೆ ನಿಂತು ಜಿರಾಫೆ ನೋಡಿದರೆ ಕೆಟ್ಟುಹೋಗುತ್ತದಂತೆ! ದುಡಿಯಲು ಹೋದರೆ ಸರಿ, ನೋಡಲು ಹೋದರೆ ತಪ್ಪು. ಇದು ಯಾವ ಶಾಲೆಯ ಪಾಠ? ನೀನು ಮಕ್ಕಳಿಗೆ ಹೇಳಿಕೊಡುವುದೂ ಇದನ್ನೇ ಏನು?

ಮತ್ತೆ ಆ ‘ನೋಡ್ರೀ’. ನೀನು ಚಿಕ್ಕಂದಿನಿಂದ ಅವರನ್ನು ಡ್ರೈವರ್ ಮಾಮ ಎಂದವಳು. ನಿನ್ನ ಪರೀಕ್ಷೆಯ ದಿನ ಶಾಲೆಯ ಎದುರು ಸ್ಟಾಪಿಲ್ಲದ ಕಡೆ ಬಸ್ಸು ನಿಲ್ಲಿಸಿ ಇಳಿಸಿದರು, ಅದಕ್ಕೆ ಮೆಮೊ ತಿಂದರು, ಮರುದಿನ ಮತ್ತೆ ಅಲ್ಲೇ ನಿಲ್ಲಿಸಿದರು. ಹೆಂಡತಿ ತೀರಿಕೊಂಡಾಗ, ಮಕ್ಕಳಿಲ್ಲದ ಮನುಷ್ಯ, ನಿನ್ನ ತಲೆ ಮೇಲೆ ಕೈ ಇಟ್ಟು ಅತ್ತರು. ಮಾಮ ಅನ್ನುವ ಒಂದು ಮಾತು ನಿನ್ನ ಬಾಯಿಯಿಂದ ಬಂದಿದ್ದರೆ, ಉಳಿದ ಬೈಗುಳವನ್ನೆಲ್ಲ ಅವರು ಒರೆಸಿಕೊಂಡು ಹೋಗುತ್ತಿದ್ದರು. ನಾನು ಸೈಕಲ್ ಅಂಗಡಿಯ ಮೇಲಿನ ಅವರ ರೂಮಿಗೆ ಹೋಗಿ, ಸೊಂಟ ನೋವು ಎಲ್ಲಿ ತೋರಿಸಿ ಎಂದು ಕೂಗಾಡಿದಾಗಲೂ ನಿನ್ನನ್ನು ಒಂದು ಮಾತು ಅನ್ನಲಿಲ್ಲ. ‘ಮಗು ಹೇಳಿದ್ರಲ್ಲಿ ತಪ್ಪಿಲ್ಲ ಬಿಡಿ’ ಅಂದರು. ಮಗುವಂತೆ! ಮೂವತ್ತೈದು ದಾಟಿದ ಮಗು! ಅವತ್ತಿನಿಂದ ಅವರು ನನ್ನ ಅಡುಗೆಮನೆಗೆ ಬಂದಿಲ್ಲ. ಏನಾದರೂ ಕೊಡುವುದಿದ್ದರೆ ಹೊಸ್ತಿಲ ಆಚೆ ಚಪ್ಪಲಿ ಬಿಡದೆ ನಿಂತು, ಬೀದಿಯ ಆ ಕಡೆ ಈ ಕಡೆ ನೋಡಿ, ಕೈಗಿಟ್ಟು ಹೋಗುತ್ತಾರೆ. ದಿನಕ್ಕೊಂದು ಸಲ ನನ್ನ ಜೊತೆ ಜಗಳವಾಡಲು ಇದ್ದವರು ಅವರೊಬ್ಬರೇ. ಆ ಮನುಷ್ಯನನ್ನು ನೀನು ನನ್ನ ಬಾಗಿಲಲ್ಲಿ ಕಳ್ಳನ ಹಾಗೆ ನಿಲ್ಲಿಸಿಬಿಟ್ಟೆ. ಇದನ್ನು ನಾನು ಬೇಗ ಮರೆಯುವುದಿಲ್ಲ, ತಿಳಿದುಕೋ.

ಆದರೆ ಪ್ರವಾಸ ನಿಂತಿಲ್ಲ. ನಾಳೆಯಲ್ಲ, ಅದರ ಮುಂದಿನ ಸೋಮವಾರ ಹೊರಡುತ್ತೇವೆ. ಒಪ್ಪಿಸುವಷ್ಟರಲ್ಲಿ ನನಗೆ ಸಾಕು ಸಾಕಾಯಿತು. ಒಂದೇ ಲಾಡ್ಜಾದರೂ ಬೇರೆ ಬೇರೆ ಮಹಡಿಯಲ್ಲಿ ರೂಮು ಇರಬೇಕು ಎಂದು ಅವರ ಹಟ. ನಾನು ಮೇಲೆ, ಅವರು ಕೆಳಗೆ. ನಡುವೆ ಒಂದು ಮಹಡಿ ಪೂರ್ತಿ ಖಾಲಿ ಬಿಡಿಸೋಣವೇ ಎಂದು ಕೇಳಿದೆ, ನಗಲಿಲ್ಲ. ಮೊದಲಾಗಿದ್ದರೆ ನಗುತ್ತಿದ್ದರು. ನೀನು ಫೋನು ಮಾಡಿ ಬೇಡ ಅನ್ನಬೇಡ, ಅಳಿಯಂದಿರ ಕೈಯಲ್ಲೂ ಅನ್ನಿಸಬೇಡ. ಅವರು ಒಳ್ಳೆಯವರು, ನಮ್ಮಿಬ್ಬರ ನಡುವೆ ಸಿಕ್ಕಿ ಒದ್ದಾಡುತ್ತಾರೆ. ನಿನ್ನ ಅತ್ತೆ ಕೇಳಿದರೆ, ನಮ್ಮಮ್ಮ ತನ್ನ ಸ್ನೇಹಿತರ ಜೊತೆ ಊರು ನೋಡಲು ಹೋಗಿದ್ದಾಳೆ ಎಂದು ಹೇಳು. ಬಾಯಿ ಒಣಗಿದರೆ ನೀರು ಕುಡಿದು ಹೇಳು. ಅವರಿಗೆ ಅದರಲ್ಲಿ ಏನಾದರೂ ಕಂಡರೆ, ಅವರನ್ನೇ ನನಗೆ ಫೋನು ಮಾಡಲು ಹೇಳು, ನಾನು ಮಾತಾಡುತ್ತೇನೆ.

ಮನೆಯ ಕೀಲಿ ಎದುರುಮನೆಯವಳ ಹತ್ತಿರ ಇರುತ್ತದೆ. ನಿನ್ನ ಮೇಲೆ ಕೋಪವಿದೆ ಎಂದು ಊಟ ಬಿಡಬೇಡ, ನೀನು ಚಿಕ್ಕಂದಿನಿಂದ ಅದೊಂದು ಕಲಿತಿದ್ದೀಯ. ಕುತ್ತಿಗೆಗೆ ದಿಂಬು ತೆಳ್ಳಗಿರಲಿ. ಅಳಿಯಂದಿರಿಗೆ ನನ್ನ ಆಶೀರ್ವಾದ, ನಿನ್ನ ಅತ್ತೆ ಮಾವನಿಗೆ ನಮಸ್ಕಾರ. ನಿನಗೂ ಆಶೀರ್ವಾದ ಇದ್ದೇ ಇದೆ, ಅದನ್ನು ತಡೆಹಿಡಿಯಲು ನನಗೆ ಬರುವುದಿಲ್ಲ.

ಇತಿ,
ಇನ್ನೂ ಕೋಪದಲ್ಲೇ ಇರುವ
ನಿನ್ನ ಅಮ್ಮ

ತಾ. ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಈಗ ಅಂಟು ಹಚ್ಚುವ ಮುಂಚೆ ಬರೆದುಬಿಡುತ್ತೇನೆ. ಶುಕ್ರವಾರ ಅವರು ಬಂದು ಹೊಸ್ತಿಲ ಆಚೆ ನಿಂತು, ‘ಮಗೂಗೆ ಅಷ್ಟು ಬೇಜಾರಾಗೋದಾದ್ರೆ, ಮೊದಲು ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸೈನ್ ಹಾಕಿ, ಆಮೇಲೆ ಹೊರಡೋಣವಾ ಕಂಡಕ್ಟರಮ್ಮ?’ ಎಂದು ಕೇಳಿದರು. ನಿನಗೆ ಬೇಜಾರಾಗಬಾರದು ಎಂದು ಕೇಳುತ್ತಿದ್ದಾರೆ ಅಂದುಕೊಂಡು ಬಾಯಿಗೆ ಬಂದ ಹಾಗೆ ಬೈದೆ, ಝೂ ಗೇಟಲ್ಲಿ ಮದುವೆ ಸರ್ಟಿಫಿಕೇಟು ಕೇಳುತ್ತಾರೇನ್ರೀ ಅಂದೆ. ಅವರು ತಲೆ ತಗ್ಗಿಸಿಕೊಂಡು, ‘ಮಗೂಗೋಸ್ಕರ ಮಾತ್ರ ಅಲ್ಲ’ ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಬಾಗಿಲು ಹಾಕಿಕೊಂಡು ಕೂತು ತುಂಬಾ ಅತ್ತೆ. ಅಷ್ಟು ವರ್ಷ ಅವರ ಬೆನ್ನ ಹಿಂದೆಯೇ ನಿಂತು ಟಿಕೆಟ್ ಹರಿದೆ, ಒಂದು ದಿನವೂ ಅವರನ್ನು ಹಾಗೆ ನೋಡಿರಲಿಲ್ಲ. ನೀನು ಸುಮ್ಮನಿದ್ದಿದ್ದರೆ ಅವರು ಕೇಳುತ್ತಿರಲಿಲ್ಲ, ನಾನೂ ಯೋಚಿಸುತ್ತಿರಲಿಲ್ಲ. ಈಗ ಬೇರೆ ಯೋಚನೆಯೇ ಬರುತ್ತಿಲ್ಲ. ನಿನ್ನೆ ಹೋಗಿ, ಊರು ನೋಡಿ ಬಂದ ಮೇಲೆ ಉತ್ತರ ಹೇಳುತ್ತೇನೆ ಎಂದು ಬಂದಿದ್ದೇನೆ. ಉತ್ತರ ಏನೇ ಆಗಲಿ, ಅದು ಮೊದಲು ಅವರಿಗೆ ಗೊತ್ತಾಗುತ್ತದೆ. ನಿನಗೆ ಆಮೇಲೆ.