ಭಾನುವಾರದ ವಿಸಿಟರ್

ಸಂತೇಬೆನ್ನೂರು,
14-11-1983, ಕಾರ್ತಿಕ ಸೋಮವಾರ

ಮುದ್ದಿನ ಮಂಗಳಾ,

ನಿನ್ನ ಅಮ್ಮ ಮಾಡುವ ಆಶೀರ್ವಾದಗಳು. ಆರೋಗ್ಯ ಹೇಗಿದೆ? ಕೆಮ್ಮು ನಿಂತಿತೇ? ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲ ಯೂನಿವರ್ಸಿಟಿ ಸೇರಿದವರಿಗೆ ಎಣ್ಣೆ ಎಂದರೆ ನಾಚಿಕೆಯೋ? ಈ ಸಲ ಕಾಗದ ಬರೆಯುತ್ತಿರುವವಳು ನಾನೇ, ಅಪ್ಪ ಅಲ್ಲ. ಅಕ್ಷರ ಕೋಳಿ ಕಾಲಿನಂತಿದ್ದರೆ ನಗಬೇಡ. ನಾಲ್ಕನೇ ಕ್ಲಾಸು ಓದಿದ ಕೈ ಇದು, ಈ ಮನೆಗೆ ಬಂದ ಮೇಲೆ ಸಾಮಾನಿನ ಚೀಟಿ ಬಿಟ್ಟು ಬೇರೇನೂ ಬರೆದದ್ದಿಲ್ಲ. ಎಮ್ಮೆ ಕರು ಹಾಕಿದೆ, ಹೆಣ್ಣು. ಅಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ.

ಈಗ ಒಂದು ಸುದ್ದಿ ಹೇಳುತ್ತೇನೆ, ಸಿಟ್ಟಾಗಬೇಡ. ಹೋದ ಬುಧವಾರ ನಾನು ನಿಮ್ಮ ಹಾಸ್ಟೆಲಿಗೆ ಬಂದಿದ್ದೆ. ಪಕ್ಕದ ಮನೆ ಮುರುಗೇಶಪ್ಪನವರು ಮಗನಿಗೆ ಹೆಣ್ಣು ನೋಡಲು ನೀನಿರುವ ಊರಿಗೇ ಹೊರಟಿದ್ದರು, ಜೊತೆಗೆ ಹೆಂಗಸೊಬ್ಬಳು ಇರಲಿ ಎಂದು ನನ್ನನ್ನು ಕರೆದರು. ನಿನಗೆ ಹೇಳದೆ ಬಂದು ಬೆರಗಾಗಿಸಬೇಕು ಎಂದು ಚಕ್ಕುಲಿ ಡಬ್ಬಿ ಹಿಡಿದು ಗೇಟಿಗೆ ಬಂದರೆ, ವಾಚ್‌ಮನ್ ಪುಸ್ತಕದಲ್ಲಿ ಬೆರಳಾಡಿಸಿ, ಲಿಸ್ಟಿನಲ್ಲಿ ನಿಮ್ಮ ಹೆಸರಿಲ್ಲ ಅಂದ. ಹೆತ್ತವಳಪ್ಪಾ ನಾನು ಅಂದೆ. ಎಲ್ಲರೂ ಹಾಗೇ ಹೇಳುತ್ತಾರೆ ಅಂದ. ನಿನ್ನನ್ನು ಸೇರಿಸಿದ ದಿನ ಅಪ್ಪ ಒಂದು ಫಾರಂ ತುಂಬಿದ್ದರಲ್ಲ, ಹುಡುಗಿಯನ್ನು ನೋಡಲು ಯಾರು ಯಾರು ಬರಬಹುದು ಎಂದು. ಅದರಲ್ಲಿ ನಾಲ್ಕು ಸಾಲು. ಒಂದರಲ್ಲಿ ತಮ್ಮ ಹೆಸರು, ಎರಡರಲ್ಲಿ ನಿನ್ನ ದೊಡ್ಡಪ್ಪ, ಮೂರರಲ್ಲಿ ನನ್ನ ತಮ್ಮ ಮಹೇಶ್ವರಪ್ಪ. ನಾಲ್ಕನೆಯದು ಖಾಲಿ. ತಾಯಿಯನ್ನು ಯಾರು ತಡೆಯುತ್ತಾರೆ ಎಂದುಕೊಂಡರಂತೆ ಅಪ್ಪ. ಮಹೇಶನ ಹೆಸರು ಬರೆಯಿರಿ ಎಂದವಳು ನಾನೇ. ಅದೇ ಊರಿನಲ್ಲಿ ಕಂಟ್ರಾಕ್ಟ್ ಕೆಲಸ ಮಾಡಿಕೊಂಡಿದ್ದಾನೆ, ಸೋದರಮಾವನಿಗಿಂತ ಒಳ್ಳೆಯ ಕಾವಲು ಬೇಕೇ ಎಂದಿದ್ದೆ.

ನೀನು ಪ್ರಾಕ್ಟಿಕಲ್ ಕ್ಲಾಸಿನಲ್ಲಿದ್ದೀ, ಐದರ ತನಕ ಬರುವುದಿಲ್ಲ ಅಂದರು. ನಿಮ್ಮ ಆಯಾ, ಜಗಳೂರಿನ ಅಂಜಮ್ಮ, ನನ್ನನ್ನು ನೆರಳಲ್ಲಿ ಕೂರಿಸಿ ನೀರು ಕೊಟ್ಟಳು. ನನ್ನ ತಮ್ಮ ವಾರವಾರವೂ ಬರುತ್ತಾನಲ್ಲ ಎಂದು ಹೆಮ್ಮೆಯಿಂದಲೇ ಕೇಳಿದೆ. ಅವಳು, "ತಪ್ಪದೆ ಬರ್ತಾರಮ್ಮ. ಕೆಳಗಿಂದ ನಾನು ವಿಸಿಟರ್ ಅಂತ ಕೂಗಿದ್ರೆ ಸಾಕು, ನಿಮ್ ಹುಡುಗಿ ಬಚ್ಚಲಿಗೆ ಹೋಗಿ ಚಿಲಕ ಹಾಕ್ಕಂತಾಳೆ. ಆವತ್ತು ಗೇಟ್ ಹತ್ರ ಕೈ ಹಿಡ್ದು ಸ್ಕೂಟರಿಗೆ ಎಳೆದಾಗಿಂದ ಹಿಂಗೇ ಐತೆ" ಅಂದಳು. ಸಿನಿಮಾಕ್ಕೆ ಬರುವುದಿಲ್ಲ ಎಂದದ್ದಕ್ಕೆ ಎಳೆದನಂತೆ. ಬಿಡಿಸಲು ಬಂದ ವಾಚ್‌ಮನ್ನಿಗೆ, ಇವಳು ನಾನು ಮದುವೆಯಾಗುವ ಹುಡುಗಿ, ಲಿಸ್ಟಿನಲ್ಲಿ ನನ್ನ ಹೆಸರಿದೆ ನೋಡು ಅಂದನಂತೆ. ಅವನು ನೋಡಿ ಹಿಂದೆ ಸರಿದನಂತೆ. ನೀನು ಹೇಗೋ ಕೊಸರಿಕೊಂಡು ಒಳಗೆ ಓಡಿದೆಯಂತೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು, ಮಂಗಳಾ? ನಿನ್ನ ಮುಖ ನೋಡಿದರೆ ಅಲ್ಲೇ ಅತ್ತು ರಂಪ ಮಾಡುತ್ತಿದ್ದೆ. ಅದಕ್ಕೇ ಆಫೀಸಿನಲ್ಲಿ ಒಂದು ಹೊಸ ಫಾರಂ ಇಸಿದುಕೊಂಡು, ಯಾರು ತಂದರೆಂದು ಹೇಳಬೇಡ ಎಂದು ಡಬ್ಬಿಯನ್ನು ಅಂಜಮ್ಮನ ಕೈಗಿಟ್ಟು ವಾಪಸ್ ಬಂದೆ.

ಬಸ್ಸಿನಲ್ಲಿ ಕೂತು ಒಂದೊಂದೇ ನೆನಪಾಯಿತು. ದಸರೆಗೆ ಮುಂಚೆ ನೀನು ಬರೆದಿದ್ದೆ, ಮಾವನಿಗೆ ಕೆಲಸ ಬಹಳ, ಪ್ರತಿ ವಾರ ಬರುವ ತೊಂದರೆ ಬೇಡವೆಂದು ಹೇಳಮ್ಮ ಎಂದು. ಈಗಿನಿಂದಲೇ ಅವನ ಮೇಲೆ ಎಷ್ಟು ಕಾಳಜಿ ನೋಡಿ ಎಂದು ಅಜ್ಜಿಗೆ ಓದಿ ಹೇಳಿ ನಕ್ಕಿದ್ದೆ. ದೀಪಾವಳಿಗೆ ಅವನು ಬಂದಾಗ ನೀನು ಅಡಿಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ನಾಚಿಕೆ ಎಂದು ನಿನ್ನ ಕೆನ್ನೆ ಹಿಂಡಿದೆ. ನೀನು ಹುಟ್ಟಿದಾಗ ಹತ್ತು ವರ್ಷದ ಅವನ ತೊಡೆಯ ಮೇಲೆ ಮಲಗಿಸಿ, "ನಿನ್ ಹೆಂಡ್ತಿ ನೋಡೋ" ಅಂದವಳೂ ನಾನೇ. ನಮ್ಮ ಕಡೆ ಎಲ್ಲರೂ ಆಡುವ ತಮಾಷೆ ಅದು. ಅವನು ಅದನ್ನೇ ಕೊಟ್ಟ ಮಾತು ಎಂದು ಹಿಡಿದುಕೊಂಡ. ತಪ್ಪು ನನ್ನದು, ಮಗಳೇ, ನಿನ್ನದು ಎಳ್ಳಷ್ಟೂ ಇಲ್ಲ.

ಅಪ್ಪನಿಗೆ ಹೇಳಿದೆ. ಮಾವನಲ್ಲವೇ, ಸಲಿಗೆ ಇರುತ್ತದೆ, ಊರಿಗೆ ಗೊತ್ತಾದರೆ ಹುಡುಗಿಯ ಓದು ಬಿಡಿಸಬೇಕಾಗುತ್ತದೆ ಅಂದರು. ಎಳೆದವನು ಅವನು, ಓದು ಬಿಡಬೇಕಾದವಳು ಇವಳೇ ಅಂದೆ. ಮೂರು ದಿನ, ಇನ್ನೊಂದು ರೊಟ್ಟಿ ಹಾಕಲೇ ಎಂದರೂ ಗೋಡೆ ನೋಡಿ ಉತ್ತರ ಕೊಟ್ಟರು. ನಿನ್ನೆ ಭಾನುವಾರ ಮಹೇಶನೇ ಇಲ್ಲಿಗೆ ಬಂದ, ಇವಳು ಓದಿದ್ದು ಸಾಕು, ಮಾಘದಲ್ಲಿ ಮದುವೆ ಮಾಡಿಬಿಡಿ ಎಂದು. ಗೇಟಿನ ಹತ್ತಿರ ಅವಳ ಕೈ ಹಿಡಿದು ಎಳೆದೆಯಾ ಎಂದು ನೇರವಾಗಿ ಕೇಳಿದೆ. "ನನ್ ಹುಡುಗಿ ಕೈ ಹಿಡಿಯಾಕೆ ಯಾರ ಪರ್ಮಿಷನ್ ಬೇಕಕ್ಕಾ?" ಅಂದ, ನಗುತ್ತಲೇ. ಅಪ್ಪ ಕಾಫಿ ಲೋಟ ಕೆಳಗಿಟ್ಟು, "ಅವಳ್ದು ಬೇಕು" ಅಂದರು. ಅಷ್ಟೇ ಅಂದದ್ದು. ಅವನು ಚಪ್ಪಲಿ ಮೆಟ್ಟಿಕೊಂಡು, ಇವತ್ತಿಗೆ ನಿನಗೆ ತವರಿನ ಬಾಗಿಲು ಮುಚ್ಚಿತು ಎಂದು ನನಗೆ ಹೇಳಿ ಹೋದ. ಬರುವ ನಾಗರಪಂಚಮಿಗೆ ತವರೂರು ನ್ಯಾಮತಿಯಿಂದ ನನ್ನನ್ನು ಕರೆಯಲು ಯಾರೂ ಬರುವುದಿಲ್ಲ. ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಸೊಂಟದ ಮೇಲೆ ಹೊತ್ತು ತಿರುಗಿದ ತಮ್ಮ. ಅವನು ಹೋದ ಮೇಲೆ ಹಿತ್ತಿಲಿಗೆ ಹೋಗಿ ಅತ್ತೆ. ಆದರೆ ಕೇಳಿದ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಸಂಜೆ ಅಪ್ಪ ತಾವಾಗಿಯೇ ಪೆನ್ನು ಹುಡುಕಿದರು.

ಓದು ಬಿಡಬೇಡ, ಹೊಟ್ಟೆ ತುಂಬ ಉಣ್ಣು. ಅಂಜಮ್ಮನಿಗೆ ನನ್ನ ಶರಣು ಹೇಳು. ಅಜ್ಜಿ, ಅಪ್ಪ ಇಬ್ಬರೂ ಆಶೀರ್ವಾದ ತಿಳಿಸಿದ್ದಾರೆ. ನೂರು ಕಾಲ ಚೆನ್ನಾಗಿರು.

ನಿನ್ನ ಅಮ್ಮ,
ಕಸ್ತೂರಮ್ಮ

ಮರೆತೇಬಿಟ್ಟಿದ್ದೆ: ಹೊಸ ಫಾರಂ ಇವತ್ತು ಬೆಳಿಗ್ಗೆ ರಿಜಿಸ್ಟರ್ ಅಂಚೆಯಲ್ಲಿ ವಾರ್ಡನ್‌ಗೆ ಹೋಯಿತು. ಮಹೇಶನ ಹೆಸರು ಅದರಲ್ಲಿಲ್ಲ. ಮೊದಲನೇ ಸಾಲಿನಲ್ಲಿ ನನ್ನ ಹೆಸರಿದೆ, ಅಪ್ಪನೇ ಬರೆದರು. ಬರುವ ಭಾನುವಾರ ಅಂಜಮ್ಮ ಕೆಳಗಿನಿಂದ ವಿಸಿಟರ್ ಎಂದು ಕೂಗುತ್ತಾಳೆ. ಚಿಲಕ ಹಾಕಿಕೊಳ್ಳಬೇಡ, ಇಳಿದು ಬಾ. ಬಂದಿರುವುದು ನಾನು.