ಕಿಟಕಿ ಪಕ್ಕದ ಎರಡು ಕುರ್ಚಿ

ಇಚಿನೊಮಿಯಾ
ನವೆಂಬರ್ ೨೧, ಶುಕ್ರವಾರ

ಅಕ್ಕರೆಯ ಅಪ್ಪಾ,

ಬೆಟ್ಟದ ಮೇಲೆ ನಿಮ್ಮ ತಕಾಯಾಮಾದಲ್ಲಿ ಆಗಲೇ ಹಿಮ ಬಿತ್ತೆಂದು ಅತ್ತೆ ಫೋನಿನಲ್ಲಿ ಹೇಳಿದರು. ನಿಮ್ಮ ಬಲಗೈ ಹೇಗಿದೆ? ಬೆರಳು ಮಡಚಲು ಬರುತ್ತಿದೆಯೇ? ಎಡಗೈಯಲ್ಲೇ ಊಟದ ಕಡ್ಡಿ ಹಿಡಿದು ಬೀನ್ಸ್ ಕಾಳನ್ನೂ ಎತ್ತುತ್ತೀರಂತೆ. ಅದನ್ನು ಕೇಳಿ ಅಮ್ಮ ನಕ್ಕಳು, ಆಮೇಲೆ ಮೂಗು ಒರೆಸಿಕೊಂಡಳು. ಉಪ್ಪು ಕಡಿಮೆ ಮಾಡಿದ ಮಿಸೊ ಸಾರನ್ನು ಬಟ್ಟಲಿನಲ್ಲಿ ಹಾಗೇ ಬಿಡುತ್ತೀರೆಂದೂ, ಕನ್ನಡಿ ಮುಂದೆ ಬಾಯಿ ತಿರುಗಿಸುವ ವ್ಯಾಯಾಮವನ್ನು ನಿಲ್ಲಿಸಿಯೇ ಬಿಟ್ಟಿರೆಂದೂ ಅತ್ತೆಯ ದೂರು. ಫೋನಿಗೆ ಬನ್ನಿ ಎಂದರೆ ಬರುವುದಿಲ್ಲ. ಮಾತು ತೊದಲುತ್ತದೆ ಎಂದು ನಾಚಿಕೆಯೇ ಅಪ್ಪಾ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ತಿರುಗಿ ಉತ್ತರ ಕೊಡಬೇಕಿಲ್ಲ, ಫೋನಿನ ಹಾಗೆ ನಡುವೆ ಇಟ್ಟುಬಿಡಲೂ ಆಗುವುದಿಲ್ಲ. ನನ್ನ ಅಕ್ಷರ ನಿಮಗೆ ಕಷ್ಟವಾದರೆ ಅತ್ತೆಯ ಕೈಲಿ ಓದಿಸಬೇಡಿ, ನಿಧಾನವಾಗಿ ನೀವೇ ಓದಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ನಾನು ಚೆನ್ನಾಗಿದ್ದೇನೆ. ಇಲ್ಲ, ಸುಳ್ಳು. ಕಾಲೇಜಿನಲ್ಲಿ ಎಲ್ಲರಿಗೂ ಎಲ್ಲವೂ ಮೊದಲೇ ಗೊತ್ತಿರುವ ಹಾಗೆ ಕಾಣುತ್ತದೆ, ನನಗೊಬ್ಬಳಿಗೇ ಯಾರೋ ಹೇಳಲು ಮರೆತ ಹಾಗೆ. ನಮ್ಮ ಬೀದಿಯವರ ಲೆಕ್ಕದಲ್ಲಂತೂ ನಾನು ಅರ್ಧ ಇಂಗ್ಲಿಷಿನವಳು, ಉಳಿದರ್ಧ ಹಾಸ್ಟೆಲಿನವಳು. ಊರಿನವಳು ಎನ್ನಲು ಪಾಲೇ ಉಳಿದಿಲ್ಲ. ಕೋಬೆಯ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲಿ ಷೇಕ್ಸ್‌ಪಿಯರ್ ಬಾಯಿಪಾಠ ಮಾಡಿಸಿದರು, ಊರಿನ ಹಿರಿಯರೆದುರು ಹೇಗೆ ಕೂರಬೇಕೆಂದು ಹೇಳಿಕೊಡಲಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಮಗ್ಗಗಳನ್ನು ಮಾರಿಬಿಡಿ ಎಂದು ನೀವು ಅತ್ತೆಯ ಕೈಲಿ ಹೇಳಿಕಳಿಸಿದಿರಿ. ಹಳೆ ಮಗ್ಗ ಕೊಳ್ಳುವವನು ಡಿಸೆಂಬರಿನಲ್ಲಿ ಬಂದು ನೋಡುತ್ತಾನಂತೆ. ಅಮ್ಮ ಮಾತ್ರ ದಿನಾ ಸಂಜೆ ಅವಕ್ಕೆ ಎಣ್ಣೆ ಬಿಟ್ಟು, ಒಂದೊಂದರ ಮೈಯನ್ನೂ ಬಟ್ಟೆಯಲ್ಲಿ ಒರೆಸುತ್ತಾಳೆ. ಮಾರಿಹೋಗುವ ಹಸುವಿನ ಮೈಯನ್ನು ಯಾರಾದರೂ ದಿನಾ ಹಾಗೆ ಉಜ್ಜುತ್ತಾರೆಯೇ? ಇಷ್ಟರ ಮೇಲೆ ಅಕ್ಟೋಬರಿನಲ್ಲಿ ಬಣ್ಣದ ಮನೆಯ ಮಿವಾ ಮಾಮ ಫೋನು ಮಾಡಿ, ಹೊಸ ವರ್ಷದಿಂದ ಸಣ್ಣ ಹಂಡೆಗೆ ಬೆಂಕಿ ಹಾಕುವುದಿಲ್ಲ, ದೊಡ್ಡ ಗಿರಾಕಿಗಳ ನೂಲು ಮಾತ್ರ ಎಂದರು. ನಮ್ಮಂಥವರ ಸ್ವಲ್ಪ ಸ್ವಲ್ಪ ನೂಲಿಗೆ ಬಣ್ಣ ಹಾಕಿಕೊಡುವವರು ಇನ್ಯಾರಿದ್ದಾರೆ? ಅವರು ನಿಲ್ಲಿಸಿದರೆ ಮಗ್ಗವನ್ನು ನಾವು ಮಾರುವ ಮೊದಲೇ ಅದು ಸತ್ತ ಹಾಗೆ. ನೀವಿದ್ದಾಗ ಗುರುವಾರ ಗುರುವಾರ ಬೆಳಿಗ್ಗೆ ಕವಾಸೆಮಿ ಕಾಫಿ ಅಂಗಡಿಯಲ್ಲಿ ಅವರ ಎದುರು ಕೂರುತ್ತಿದ್ದಿರಲ್ಲ, ಆ ಕುರ್ಚಿ ಏಪ್ರಿಲಿನಲ್ಲಿ ನಿಮಗೆ ಪಾರ್ಶ್ವವಾಯು ಬಡಿದಾಗಿನಿಂದ ಖಾಲಿ. ಅಮ್ಮ ನನಗೆ ಹೇಳಿದ್ದು ಇಷ್ಟೇ: “ನಾನು ಹೋದ್ರೆ ಮಗ್ಗ ಯಾರು ನೋಡ್ತಾರೆ? ನೀನು ಹೋಗಿ ಕೂತ್ಕೋ.” ಕೂತು ಏನು ಮಾಡಲಿ ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಗುರುವಾರ ಗುರುವಾರ ಹೋದರೂ ಅಲ್ಲಿ ಏನು ಮಾಡುತ್ತೀರೆಂದು ನೀವು ಒಮ್ಮೆಯೂ ಹೇಳಿರಲಿಲ್ಲವಂತೆ.

ನನಗೆ ಗೊತ್ತಿದೆ ಎಂದುಕೊಂಡೆ. ಕಾಲೇಜಿನಲ್ಲಿ ಸ್ವಂತ ಉದ್ಯಮದ ಒಂದು ಕ್ಲಬ್ ಇದೆ, ಸೇರಿದ್ದೇನೆ. ಸಣ್ಣ ವ್ಯಾಪಾರದವರು ಒಬ್ಬರನ್ನೊಬ್ಬರು ಹೇಗೆ ಪರಿಚಯ ಮಾಡಿಕೊಳ್ಳಬೇಕು, ಅರ್ಧ ನಿಮಿಷದಲ್ಲಿ ತಮ್ಮ ವಿಷಯ ಹೇಗೆ ಮುಗಿಸಬೇಕು ಎಂದು ಅಲ್ಲಿ ಕಲಿಸುತ್ತಾರೆ. ನಾನು ನಮ್ಮ ಬಟ್ಟೆಯ ಬಗ್ಗೆ ಅಚ್ಚುಕಟ್ಟಾಗಿ ಬರೆದು ಬಾಯಿಪಾಠ ಮಾಡಿದೆ. ಆಮೇಲೆ ಒಂದು ಜಾಣತನವನ್ನೂ ಮಾಡಿದೆ ಅಪ್ಪಾ, ನೀವು ಹಣೆ ಚಚ್ಚಿಕೊಳ್ಳುತ್ತೀರಿ. ಒಬ್ಬರನ್ನೇ ಯಾಕೆ, ಹಿಂದಿನ ಬೀದಿಯ ನೇಕಾರ ಶಿಬಾತಾ ಅವರದೂ ಸಣ್ಣ ಸಣ್ಣ ನೂಲೇ, ಇಬ್ಬರ ನೂಲನ್ನೂ ಸೇರಿಸಿದರೆ ದೊಡ್ಡ ಹಂಡೆಯೇ ತುಂಬುತ್ತದೆ ಎಂದು ಮೊದಲ ಗುರುವಾರವೇ ಶಿಬಾತಾ ಅವರನ್ನೂ ಕಾಫಿ ಅಂಗಡಿಗೆ ಕರೆದೆ. ಕಿಟಕಿ ಪಕ್ಕದ ನಿಮ್ಮ ಎರಡು ಕುರ್ಚಿಯ ಮೇಜಿಗೆ ಬೇರೆ ಮೇಜಿನಿಂದ ಮೂರನೆಯ ಕುರ್ಚಿಯನ್ನು ನಾನೇ ಎಳೆದು ತಂದೆ.

ಮಿವಾ ಮಾಮ ಬಾಗಿಲಲ್ಲೇ ಒಂದು ಕ್ಷಣ ನಿಂತರು. ಆಮೇಲೆ ಬಂದು ಕೂತು, ಬಹಳ ನಗುನಗುತ್ತಾ ಶಿಬಾತಾ ಅವರ ಜೊತೆ ಬೇಸ್‌ಬಾಲ್ ಮಾತಾಡಿದರು. ಶಿಬಾತಾ ಅವರೂ ಬೇಸ್‌ಬಾಲ್ ಮಾತಾಡಿದರು. ನಾನು ನಡುವೆ ಗಂಟಲು ಸರಿಮಾಡಿಕೊಂಡು ನನ್ನ ಅರ್ಧ ನಿಮಿಷವನ್ನು ಒಪ್ಪಿಸಿದೆ. ಇಬ್ಬರೂ ಬಹಳ ಚೆನ್ನಾಗಿದೆ ಎಂದು ತಲೆದೂಗಿದರು. ಮಿವಾ ಮಾಮ ಟೋಸ್ಟಿನ ಅಂಚನ್ನೂ ಬಿಡದೆ ತಿಂದು ಎದ್ದು ಹೋದರು. ನನಗೆ ಕೆಲಸ ಆಯಿತೆಂದೇ ಅನಿಸಿತ್ತು! ಕಪ್ಪು ಎತ್ತಲು ಬಂದ ಅಂಗಡಿಯ ಫುಮಿಯೆ ಅಕ್ಕ, ಅದೇ ಎಪ್ಪತ್ತಾದರೂ ಊರಿಗೆಲ್ಲ ಅಕ್ಕನಾಗಿಯೇ ಉಳಿದಿರುವವಳು, ನನ್ನ ಮುಖವನ್ನೇ ನೋಡಿದಳು. “ಇಲ್ಲಿ ಎರಡೇ ಕುರ್ಚಿ ಹಾಕಿರೋದು ನನಗೆ ಕುರ್ಚಿ ಕೊಳ್ಳೋ ಗತಿ ಇಲ್ಲ ಅಂತ ಅಂದ್ಕೊಂಡ್ಯಾ? ಮೂರನೆಯವನು ಕೂತ ಮೇಜಲ್ಲಿ ಯಾವ ಗಂಡಸು ಬಾಯಿ ಬಿಡ್ತಾನೆ ಹೇಳು. ಸಾಲ, ಕಾಯಿಲೆ, ಮಗನ ಜಗಳ, ಎಲ್ಲಾ ಇಬ್ಬರ ಮಧ್ಯೆ. ಮೂವರಾದ್ರೆ ಬೇಸ್‌ಬಾಲ್.” ಮಗ್ಗದ ಸದ್ದಿನಲ್ಲಿ ಮಾತು ಕೇಳಿಸದೆ ಊರವರು ಕಾಫಿ ಅಂಗಡಿಯನ್ನೇ ಚಾವಡಿ ಮಾಡಿಕೊಂಡರೆಂದು ನೀವು ಹೇಳುತ್ತಿದ್ದಿರಿ. ಸದ್ದಿಗೆ ಹೆದರಿ ಮಾತ್ರ ಅಲ್ಲ, ಮನೆಯವರ ಕಿವಿಗೂ ಹೆದರಿ ಎಂದು ಈಗ ಅನಿಸುತ್ತದೆ.

ಮುಂದಿನ ಗುರುವಾರ ಒಬ್ಬಳೇ ಹೋದೆ. ಮಿವಾ ಮಾಮ ಬರುತ್ತಾರೋ ಇಲ್ಲವೋ ಎಂದು ಬಾಗಿಲನ್ನೇ ನೋಡುತ್ತಿದ್ದೆ. ಬಂದರು. ನೀವು ಮೊದಲೇ ದುಡ್ಡು ಕೊಟ್ಟು ಗೋಡೆಗೆ ತೂಗುಹಾಕಿಸಿರುವ ನಿಮ್ಮ ಹೆಸರಿನ ಕಾಫಿ ಚೀಟಿಯ ಕಂತೆಯಿಂದ ಫುಮಿಯೆ ಅಕ್ಕ ಕೇಳದೆಯೇ ಎರಡು ಹರಿದಳು. ಮಾಮ ಚಳಿಯ ಬಗ್ಗೆ ಒಂದು ಮಾತಾಡಿದರು, ಕಿಸೊ ಹೊಳೆಯ ನೀರು ಈ ಸಲ ಇಳಿದಿದೆ ಎಂದರು. ಆಮೇಲೆ ಟೋಸ್ಟಿಗೆ ಬೆಣ್ಣೆ ಸವರತೊಡಗಿದರು. ಹಾಸ್ಟೆಲಿನ ಊಟದ ಮೇಜಿನಲ್ಲಿ ಮೌನವೆಂದರೆ ಶಿಕ್ಷೆ, ನನಗೆ ಅಭ್ಯಾಸವಿಲ್ಲ. ಬಾಯಿತುಂಬಾ ಮಾತು ಬರುತ್ತಿತ್ತು, ಅದನ್ನು ಕಾಫಿಯ ಜೊತೆ ನುಂಗಿದೆ. ಕೊನೆಗೆ ಅವರು ತಮ್ಮ ತಟ್ಟೆಯ ಬೆಂದ ಮೊಟ್ಟೆಯನ್ನು ನನ್ನ ಕಡೆ ತಳ್ಳಿ, “ತಿನ್ನು, ನಿಮ್ಮಪ್ಪನಿಗಿಂತ ತೆಳ್ಳಗಿದ್ದೀಯ” ಎಂದು ಎದ್ದರು. ಕ್ಲಬ್ಬಿನಲ್ಲಿ ಪ್ರತಿ ಭೇಟಿಯಿಂದ ಏನು ಸಿಕ್ಕಿತೆಂದು ಬರೆಯಬೇಕು. ಏನೆಂದು ಬರೆಯಲಿ, ಒಂದು ಮೊಟ್ಟೆ ಎಂದೇ?

ಈಗ ನಿನ್ನೆಯದು. ಮೂರನೆಯ ಗುರುವಾರ. ಮೋಡವಿರಲಿಲ್ಲ, ಕಿಟಕಿಯಿಂದ ಮೇಜಿನ ಮೇಲೆ ಬೆಳಕು ಚೆನ್ನಾಗಿ ಬಿದ್ದಿತ್ತು. ಮಾಮ ಕಪ್ಪನ್ನು ಸರಿಸಿ ಜೇಬಿನಿಂದ ಎರಡು ಎಳೆ ಕಡುನೀಲಿ ಉಣ್ಣೆ ನೂಲು ತೆಗೆದು ಮೇಜಿನ ಮೇಲಿಟ್ಟು, “ಸುಮಿ, ಇದರಲ್ಲಿ ನಿಮ್ಮಪ್ಪನ ಬಟ್ಟೆಯ ನೀಲಿ ಯಾವುದು?” ಎಂದರು. ಪರೀಕ್ಷೆ ಎಂದುಕೊಂಡು ಎರಡನ್ನೂ ಬೆಳಕಿಗೆ ಹಿಡಿದೆ. ಎರಡೂ ಬೇರೆ ಅನ್ನುವುದು ಕಾಣುತ್ತಿತ್ತು, ಸರಿಯಾದದ್ದು ಯಾವುದೆಂದು ಗೊತ್ತಾಗಲಿಲ್ಲ, ಹಾಗೆಂದೇ ಹೇಳಿದೆ. ಅವರು ತಲೆ ಆಡಿಸಿದರು. ಅಂಗಡಿಯೊಳಗೆ ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. “ನಿನಗೆ ಬೇರೆ ಅಂತಾದ್ರೂ ಕಾಣುತ್ತೆ. ನನಗೆ ಕಪ್ಪು, ನೀಲಿ ಎರಡೂ ಒಂದೇ ಕಣಮ್ಮ ಈಗ. ಮೂರು ವರ್ಷ ಆಯ್ತು. ನಿಮ್ಮಪ್ಪನನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ, ನನ್ನ ಮಗನಿಗೂ.”

ಅಪ್ಪಾ, ನೀವು ಇದನ್ನು ಅಮ್ಮನಿಗೂ ಹೇಳಲಿಲ್ಲ. ನಾನೂ ಹೇಳಿಲ್ಲ, ಹೇಳುವುದಿಲ್ಲ. ಕಣ್ಣಿನ ಹಿಂದಿನ ಪರದೆಯ ತೊಂದರೆಯಂತೆ, ಶಸ್ತ್ರಚಿಕಿತ್ಸೆಗೆ ಬಗ್ಗುವುದಲ್ಲವಂತೆ. ದೊಡ್ಡ ಹಂಡೆಗೆ ಬಣ್ಣ ಅಳೆಯುವ ಯಂತ್ರವಿದೆ, ಸಣ್ಣದಕ್ಕೆ ಅವರ ಕಣ್ಣೇ ಯಂತ್ರವಾಗಿತ್ತು. ಅದು ಹೋದ ಮೇಲೆ ಗುರುವಾರದ ಕಾಫಿಯಲ್ಲಿ ನಿಮ್ಮ ಕಣ್ಣು. ಬಣ್ಣದವನಿಗೆ ಬಣ್ಣ ಕಾಣುವುದಿಲ್ಲ ಎಂಬ ಸುದ್ದಿ ಶಿಬಾತಾ ಅವರ ಕಿವಿಗೆ ಬಿದ್ದಿದ್ದರೆ ಸಂಜೆಯೊಳಗೆ ಊರೆಲ್ಲ ಆಗುತ್ತಿತ್ತು. ಅಂಥ ಮೇಜಿಗೆ ನಾನು ಮೂರನೆಯ ಕುರ್ಚಿ ಎಳೆದಿದ್ದೆ. ಸಣ್ಣ ಹಂಡೆ ನಿಲ್ಲಿಸುತ್ತಿರುವುದು ಲಾಭ ನಷ್ಟದಿಂದಲ್ಲ, ನಿಮ್ಮ ಕಣ್ಣೂ ಇಲ್ಲದ ಮೇಲೆ ತಪ್ಪು ಬಣ್ಣದ ನೂಲನ್ನು ನಂಬಿದವರ ಮನೆಗೆ ಕಳಿಸಬಾರದೆಂದು.

ನೀವು ಮಾತಿಲ್ಲವೆಂದು ಯಾರ ಮುಂದೆಯೂ ಬರುತ್ತಿಲ್ಲ, ಮಗ್ಗ ಮಾರಲು ಹೇಳಿದ್ದೀರಿ ಎಂದು ಮಾಮನಿಗೆ ಹೇಳಿದೆ. ಹೇಳಬಾರದಿತ್ತೇನೋ. ಅವರಿಗೆ ಸಿಟ್ಟು ಬಂತು. “ಮಾತು ಹೋಯ್ತು ಅಂತ ಬೆಟ್ಟ ಹತ್ತಿ ಕೂತಿದ್ದಾನಾ? ಇಷ್ಟು ವರ್ಷದಲ್ಲಿ ಅವನು ಆಡಿದ ಮಾತಾದ್ರೂ ಎಷ್ಟು? ಚಳಿ ಅಂತಿದ್ದ, ಮೊಟ್ಟೆ ಸುಲೀತಿದ್ದ. ನೂಲು ಇಟ್ರೆ, ಸರಿ ಇದ್ದಾಗ ಹುಬ್ಬು ಎತ್ತುತ್ತಿದ್ದ. ಸರಿ ಇಲ್ಲದಿದ್ರೆ ಕಾಫಿ ಕುಡೀತಿದ್ದ. ಅವನ ಬಾಯಿ ನನಗೆ ಯಾಕೆ ಬೇಕು?” ಹಾಗೆಂದು ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು. ನಾನು ಕಲಿಯಬಹುದೇ ಎಂದು ಕೇಳಿದೆ. ಕಲಿಯಬಹುದು, ಆದರೆ ನಿಮ್ಮಪ್ಪನ ಕಣ್ಣನ್ನು ನೋಡಿಯೇ ಕಲಿಯಬೇಕು ಎಂದರು.

ಕ್ಲಾಸಿಗೆ ಹೋಗುವ ರೈಲಿನಲ್ಲಿ ಇದನ್ನೇ ಯೋಚಿಸುತ್ತಿದ್ದೆ. ಎದುರಿಗಿರುವವರಿಂದ ನಿಮಗೇನು ಬೇಕು ಎಂಬುದು ಕ್ಲಬ್ಬಿನ ಮೊದಲ ಪ್ರಶ್ನೆ. ನಿಮಗೆ ಮಿವಾ ಮಾಮನಿಂದ ನೀಲಿ ಬೇಕಿತ್ತು, ಅವರಿಗೆ ನಿಮ್ಮ ಹುಬ್ಬು ಬೇಕಿತ್ತು, ಇಬ್ಬರೂ ಅದನ್ನು ಒಮ್ಮೆಯೂ ಬಾಯಿಬಿಟ್ಟು ಕೇಳಲಿಲ್ಲ. ಇದಕ್ಕೆ ಏನು ಹೆಸರೋ ನನಗೆ ತಿಳಿಯದು, ಸ್ನೇಹವೋ ವ್ಯಾಪಾರವೋ. ಬೇರೆ ಮಾಡಿ ನೋಡುವ ಕಣ್ಣು ನನಗಿನ್ನೂ ಬಂದಿಲ್ಲ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ, ಅವರು ಕಳಿಸಿದ ಮೂಲಂಗಿ ಉಪ್ಪಿನಕಾಯಿಯ ಭರಣಿ ಮುಗಿದಿದೆ ಎಂದೂ ತಿಳಿಸಿ. ಅಮ್ಮ ಏನೂ ಹೇಳಿಕಳಿಸಿಲ್ಲ, ಆದರೆ ನಿಮ್ಮ ದಪ್ಪ ಕೋಟನ್ನು ಬಿಸಿಲಿಗೆ ಹಾಕಿದ್ದಾಳೆ. ಬೆಚ್ಚಗಿರಿ, ಕಾಲು ಜಾರದ ಹಾಗೆ ನಡೆಯಿರಿ.

ನಿಮ್ಮ ಮಗಳು,
ಸುಮಿರೆ

ಮರೆತಿದ್ದೆ: ಎದ್ದು ಹೋಗುವಾಗ ಮಿವಾ ಮಾಮ ಆ ಎರಡೂ ಎಳೆಗಳನ್ನು ನನ್ನ ಕೈಗಿಟ್ಟು, ಕವರಿನಲ್ಲಿ ಹಾಕಿ ಅಪ್ಪನಿಗೆ ಕಳಿಸು, ಸರಿಯಾದದ್ದಕ್ಕೆ ಗಂಟು ಹಾಕಿ ವಾಪಸ್ ಕಳಿಸಲಿ, ಅಲ್ಲಿಯವರೆಗೆ ಸಣ್ಣ ಹಂಡೆಯ ಬೆಂಕಿ ಆರಿಸುವುದಿಲ್ಲ ಎಂದರು. ಕವರಿನಲ್ಲಿ ಹುಡುಕಬೇಡಿ ಅಪ್ಪಾ, ನಾನು ಕಳಿಸಿಲ್ಲ. ಅಲ್ಲಿಯ ಹಿಮದ ಬೆಳಕಿನಲ್ಲಿ ನೀಲಿ ಬೇರೆಯೇ ಕಾಣುತ್ತದಂತೆ, ಫುಮಿಯೆ ಅಕ್ಕ ಹೇಳಿದಳು, ಇಲ್ಲಿಯ ಕಿಟಕಿಯ ಬೆಳಕಿನಲ್ಲೇ ನೋಡಬೇಕು. ಬುಧವಾರದ ರೈಲಿಗೆ ಅತ್ತೆ ನಿಮ್ಮನ್ನು ಹತ್ತಿಸುತ್ತಾರೆ, ರೈಲು ಬದಲಿಸುವ ಗಿಫುವಿನಲ್ಲಿ ನಾನು ನಿಂತಿರುತ್ತೇನೆ. ಗುರುವಾರ ನಾನು ನಿಮ್ಮ ಪಕ್ಕ ಕೂರುವುದಿಲ್ಲ, ಫುಮಿಯೆ ಅಕ್ಕನ ಹತ್ತಿರ ಕಪ್ಪು ತೊಳೆಯುತ್ತಿರುತ್ತೇನೆ. ನೀವು ಬರುತ್ತೀರೆಂದು ಮಾಮನಿಗೆ ಹೇಳಿ ಆಗಿದೆ.